ಸಿದ್ದಾಪುರದ ಕಾಫಿ ತೊಟ್ಟಿಯಲ್ಲಿ ಕಿಣ್ವಗಳ ಕೆಲಸ

ಕೊಡಗಿನ ಸಿದ್ದಾಪುರದ ಸುತ್ತಲಿನ ತೋಟಗಳಲ್ಲಿ ಕಾಫಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದ ಮೇಲೂ ಬೀಜಕ್ಕೆ ಲೋಳೆ ಅಂಟಿಕೊಂಡೇ ಇರುತ್ತದೆ; ಪೆಕ್ಟಿನ್ ಎಂಬ ಉದ್ದ ಸರಪಳಿಯ ಅಣುಗಳಿರುವ ಈ ಲೋಳೆ ಬರಿಯ ನೀರಿಗೆ ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಅಲ್ಲಿ ಹಣ್ಣಿನಲ್ಲೇ ಇರುವ ಹಾಗೂ ಸೂಕ್ಷ್ಮಜೀವಿಗಳು ಸ್ರವಿಸುವ ಪೆಕ್ಟಿನೇಸ್ ಕಿಣ್ವಗಳು ಆ ಸರಪಳಿಯನ್ನು ತುಂಡರಿಸುತ್ತವೆ. ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ ವೇಗವರ್ಧಕ, ಅಂದರೆ ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿಯನ್ನು ತಗ್ಗಿಸಿ, ಅದನ್ನು ತ್ವರೆಗೊಳಿಸಿ, ತಾನು ಮಾತ್ರ ವ್ಯಯವಾಗದೆ ಉಳಿಯುವ ವಸ್ತು. ಹೀಗಾಗಿ ಕಿಣ್ವದ ಒಂದೇ ಅಣು ಒಂದಾದ ಮೇಲೊಂದರಂತೆ ಅಸಂಖ್ಯ ಬಂಧಗಳನ್ನು ಕಡಿಯಬಲ್ಲದು. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಸಾಕು, ದಪ್ಪ ಲೋಳೆಯ ರೊಬಸ್ಟಾಕ್ಕೆ ಹೆಚ್ಚು ಹೊತ್ತು ಬೇಕು, ಚಳಿ ಬಿದ್ದರೆ ಎರಡೂ ತಡ. ತೊಳೆದ ಬೀಜವನ್ನು ಮುಷ್ಟಿಯಲ್ಲಿ ಹಿಂಡಿದಾಗ ಜಾರದೆ ಸಣ್ಣ ಕಲ್ಲುಗಳಂತೆ ಒರಟಾಗಿ ತಗುಲಿದರೆ ಹದ ಬಂದಿದೆಯೆಂದು ತಿಳಿಯುವ ಕಾರ್ಮಿಕರ ಪರೀಕ್ಷೆ, ಗೌರವಕ್ಕೆ ಅರ್ಹವಾದ ರಸಾಯನ ಜ್ಞಾನವೇ ಸರಿ.

ವೇಗವರ್ಧಕಗಳ ಕೆಲಸ ತೊಟ್ಟಿಗಷ್ಟೇ ಸೀಮಿತವಲ್ಲ. ಅದೇ ತೋಟಗಳಿಗೆ ಹಾಕುವ ಯೂರಿಯಾದ ಮೂಲವಾದ ಅಮೋನಿಯವನ್ನು ಕಾರ್ಖಾನೆಗಳು ಕಬ್ಬಿಣದ ವೇಗವರ್ಧಕ ಬಳಸಿ, 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ, ಭಾರೀ ಒತ್ತಡದಲ್ಲಿ ತಯಾರಿಸುತ್ತವೆ. ಆದರೆ ತೋಟದಲ್ಲಿ ನೆರಳಿಗೆಂದು ಬೆಳೆಸುವ ಹಾಲುವಾಣದ ಬೇರುಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ನೈಟ್ರೋಜಿನೇಸ್ ಕಿಣ್ವದ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿನ ಸಹಜ ಉಷ್ಣತೆಯಲ್ಲೇ ಅಮೋನಿಯವಾಗಿಸುತ್ತವೆ.