ಆಕೆಯನ್ನ ವಾಪಸ್ ಕರ್ಕೊಂಡು ಬರೋರು ಯಾರು?

ಓಟಿಟಿಯಲ್ಲಿ ‘ಏಲಿಯಸ್ ಗ್ರೇಸ್’ ನೋಡಿದ್ದೀರಾ? ಮಾರ್ಗರೆಟ್ ಆಟ್‌ವುಡ್ 1996ರಲ್ಲಿ ಬರೆದ ಕಾದಂಬರಿ ಅದು. 1843ರ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ, ಕೆಲಕಾಲ ಹುಚ್ಚಾಸ್ಪತ್ರೆಯಲ್ಲೂ ಇದ್ದ ಕೆನಡಾದ ಮನೆಗೆಲಸದ ಹುಡುಗಿ ಗ್ರೇಸ್ ಮಾರ್ಕ್ಸ್‌ಳ ಕಥೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹೆಂಗಸರ ಬಗ್ಗೆ ವಿಕ್ಟೋರಿಯಾ ಮಾಸ್ ಬರೆದ ಕಾದಂಬರಿ 2021ರಲ್ಲಿ ಸಿನಿಮಾನೇ ಆಯ್ತು. ಅದರಲ್ಲಿ ಮಗಳನ್ನ ಆಸ್ಪತ್ರೆಗೆ ಸೇರಿಸೋದು ಸ್ವಂತ ಅಪ್ಪ. ಇಂಥ ಕಥೆಗಳಲ್ಲಿ ನಮ್ಮನ್ನ ಬೆಚ್ಚಿಬೀಳಿಸೋದು ಆ ಗೇಟು. ಒಮ್ಮೆ ಮುಚ್ಚಿದರೆ ಮುಗೀತು.

ಇದೇ ಕಥೆ ಅದೇ ಕಾಲದಲ್ಲಿ ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ನಡೆದಿದ್ದರೆ?

ಮೊದಲನೆಯದಾಗಿ, ಗೇಟೇ ಬಹಳ ದೂರ. ಬೆಂಗಳೂರಿನ ಹುಚ್ಚಾಸ್ಪತ್ರೆ ಶುರುವಾಗಿದ್ದು 1847ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಕೆ.ಆರ್. ನಗರ ಅನ್ನೋ ಊರು ಇನ್ನೂ ಹುಟ್ಟಿರಲಿಲ್ಲ, ಆ ಸೀಮೆಗೆ ಎಡತೊರೆ ಅಂತಿದ್ದರು. ಮೈಸೂರು-ಬೆಂಗಳೂರು ರೈಲು ಬಂದಿದ್ದು 1880ರ ದಶಕದಲ್ಲಿ. ಅದಕ್ಕೂ ಮುಂಚೆ ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್, ಅಲ್ಲಿಂದ ಮುಂದೆ ಸುಮಾರು 140. ಎತ್ತಿನಗಾಡಿಯಲ್ಲಿ ದಿನಗಟ್ಟಲೆ ಪ್ರಯಾಣ. ಬಾಣಂತಿ ಸನ್ನಿ ಹಿಡಿದ ಹೆಂಗಸನ್ನ ಹಾಗೆ ಯಾರು ಕರ್ಕೊಂಡು ಹೋಗ್ತಾರೆ?

ಎರಡನೆಯದು ಇನ್ನೂ ಮುಖ್ಯ. ಆ ಕಾಲದ ಭಾರತದ ಹುಚ್ಚಾಸ್ಪತ್ರೆಗಳಲ್ಲಿ ಗಂಡಸರೇ ಜಾಸ್ತಿ ಇದ್ದರು, ಹೆಂಗಸರು ಕಡಿಮೆ. ಹಾಗಂತ ನಮ್ಮ ಹೆಂಗಸರಿಗೆ ಕಾಯಿಲೆ ಬರ್ತಾ ಇರಲಿಲ್ಲ ಅಂತಲ್ಲ. ಗಾಳಿ ಸೋಕಿದೆ, ಮೈಮೇಲೆ ಬಂದಿದೆ ಅಂತ ತಾಯತ ಕಟ್ಟಿಸಿ ಒಳಕೋಣೆಯಲ್ಲಿ ಕೂರಿಸೋದು ಇತ್ತು. ಅಕ್ಕನ ವಿಷಯ ಹೊರಗೆ ಗೊತ್ತಾದರೆ ತಂಗಿಗೆ ಗಂಡು ಸಿಗಲ್ಲ ಅನ್ನೋ ಭಯ ಬೇರೆ. ಈ ಭಯ ಈಗಲೂ ಪೂರ್ತಿ ಹೋಗಿದೆಯಾ, ನೀವೇ ಹೇಳಿ.

ಬ್ರಿಟಿಷ್ ಇಂಡಿಯಾದ 1858ರ ಕಾನೂನು, ಬುದ್ಧಿ ಸ್ವಾಧೀನ ಇಲ್ಲದೆ ಬೀದಿಯಲ್ಲಿ ಅಲೆಯೋರನ್ನ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸೋ ಅಧಿಕಾರವನ್ನ ಪೊಲೀಸರಿಗೆ ಕೊಟ್ಟಿತ್ತು. ಅಂಥ ವ್ಯವಸ್ಥೆಯಲ್ಲಿ ಮೊದಲು ಸಿಕ್ಕಿಬೀಳೋದು ‘ನಮ್ಮವಳು’ ಅಂತ ಹೇಳೋಕೆ ಯಾರೂ ಇಲ್ಲದವಳು. ಹಾಗಾಗಿ ನಮ್ಮ ಕಡೆಯ ಐತಿಹಾಸಿಕ ಕಾದಂಬರಿ ಯಾರಾದರೂ ಬರೆದರೆ, ಅದರ ಅರ್ಧ ಕಥೆ ಆಸ್ಪತ್ರೆಯಲ್ಲಿ ನಡೆಯಲ್ಲ. ಮನೆಯ ಒಳಕೋಣೆಯಲ್ಲೇ ನಡೆಯುತ್ತೆ.

ಇದನ್ನ ಚೆನ್ನಾಗಿ ಅರಿತಿದ್ದವರು ಮೈಸೂರಿನ ತ್ರಿವೇಣಿ (1928–1963). ಮನಃಶಾಸ್ತ್ರ ಓದಿದ್ದ ಅವರು ‘ಶರಪಂಜರ’ದಲ್ಲಿ ಹಿಡಿದಿದ್ದು ತಮ್ಮ ಕಾಲದ ಕಥೆಯನ್ನೇ. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಮಾಡಿದ ಕಾವೇರಿ ಪಾತ್ರ ನಿಮ್ಮ ಅಮ್ಮನಿಗೆ ಖಂಡಿತ ನೆನಪಿರುತ್ತೆ. ಹೆರಿಗೆಯ ನಂತರ ಕಾಯಿಲೆ ಬೀಳೋ ಕಾವೇರಿಗೆ ಆಸ್ಪತ್ರೆಯಲ್ಲಿ ಗುಣ ಆಗುತ್ತೆ. ನರಕ ಶುರುವಾಗೋದು ಮನೆಗೆ ಬಂದ ಮೇಲೆ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಗಂಡನೂ ದೂರ ಆಗ್ತಾನೆ. ಡಾಕ್ಟರ್ ಬಿಟ್ಟು ಕಳಿಸಿದವಳನ್ನ ಮನೆಯವರು ಬಿಡಲ್ಲ.

ಆಮೇಲೆ ಏನೇನೋ ಬದಲಾಯ್ತು. 1925ರಲ್ಲಿ ಮೈಸೂರು ಸರ್ಕಾರ ‘ಹುಚ್ಚಾಸ್ಪತ್ರೆ’ ಅನ್ನೋ ಹೆಸರು ತೆಗೆದು ‘ಮಾನಸಿಕ ಆಸ್ಪತ್ರೆ’ ಅಂತ ಕರೀತು. 1974ರಲ್ಲಿ ಅದು ನಿಮ್ಹಾನ್ಸ್‌ನ ಭಾಗವಾಯ್ತು. ಇವತ್ತು ಅಲ್ಲಿ ಬಾಣಂತಿಯನ್ನೂ ಮಗುವನ್ನೂ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡೋ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಬೇರೆ ಮಾಡೋ ಹಾಗಿಲ್ಲ. ಮನೆಯವರು ಬೇಡ ಅಂದರು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಳ್ಳೋ ಹಾಗೂ ಇಲ್ಲ.

ಆದರೆ ಯಾವ ಕಾಯ್ದೆಯೂ ಮನೆ ಬಾಗಿಲಲ್ಲಿ ನಿಂತು ‘ಬಾಮ್ಮಾ ಒಳಗೆ’ ಅನ್ನಲ್ಲ. ಅದು ನಮ್ಮ ಕೆಲಸ. ಊರಲ್ಲಿರೋ ಅಕ್ಕನೋ ಅತ್ತಿಗೆಯೋ ಚಿಕಿತ್ಸೆ ಮುಗಿಸಿ ಬಂದರೆ, ಮಾತ್ರೆ ತಪ್ಪದ ಹಾಗೆ ನೋಡಿಕೊಳ್ಳಿ. ಉಳಿದಿದ್ದಕ್ಕೆಲ್ಲ ಮೊದಲಿನ ಥರಾನೇ ಇರಿ. ಅವಳು ಬೇಸರದಲ್ಲಿದ್ದರೆ ‘ಮತ್ತೆ ಶುರುವಾಯ್ತಾ?’ ಅಂತ ಕೇಳಬೇಡಿ. ಹೆರಿಗೆಯಾದ ಮೇಲೆ ಯಾರಾದರೂ ನಿದ್ದೆ ಇಲ್ಲದೆ ಏನೇನೋ ಮಾತಾಡ್ತಾ ಇದ್ದರೆ ತಾಯತಕ್ಕೆ ಓಡಬೇಡಿ. ಅದು ತುರ್ತು ಪರಿಸ್ಥಿತಿ, ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಯಾರ ಹತ್ತಿರ ಕೇಳೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು.