ಎಳೆ ಬೆರಳಿನ ಚೂಪು ಉಗುರು

ಮಗು ಹುಟ್ಟಿ ಎರಡು ದಿನವಾಗಿರುವುದಿಲ್ಲ, ಕೆನ್ನೆಯ ಮೇಲೆ ಕೆಂಪು ಗೀರು ಕಾಣುತ್ತದೆ. ಇಷ್ಟು ಬೇಗ ಉಗುರು ಬೆಳೆಯಿತೇ ಎಂದು ಮನೆಯವರಿಗೆ ಅಚ್ಚರಿ. ಅದು ಹೊರಗೆ ಬಂದು ಬೆಳೆದದ್ದಲ್ಲ. ಗರ್ಭದ 10ನೇ ವಾರದ ಹೊತ್ತಿಗೇ ಬೆರಳಿನಲ್ಲಿ ಉಗುರು ಮೂಡತೊಡಗುತ್ತದೆ. 32ನೇ ವಾರದ ಸುಮಾರಿಗೆ ಕೈಯುಗುರು ಬೆರಳ ತುದಿ ಮುಟ್ಟುತ್ತದೆ. ಕಾಲುಗುರು ಇನ್ನೊಂದು ತಿಂಗಳು ತಡ. ದಿನ ತುಂಬಿದ ಕೂಸು ಕತ್ತರಿಸಬೇಕಾದ ಉಗುರಿನೊಂದಿಗೇ ಹುಟ್ಟುತ್ತದೆ. ದಿನ ಮೀರಿ ಹುಟ್ಟಿದ್ದರಂತೂ ಉಗುರು ಇನ್ನೂ ಉದ್ದ.

ಆ ಉಗುರು ಮುಟ್ಟಿದರೆ ಮೆತ್ತಗೆ, ಬಾಗಿಸಿದತ್ತ ಬಾಗುತ್ತದೆ. ಅಷ್ಟು ಮೆತ್ತಗಿದ್ದೂ ಅದು ಗೀರುವುದು ತೆಳುವಾಗಿರುವುದರಿಂದಲೇ. ದೊಡ್ಡವರ ಉಗುರು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಕೂಸಿನದು ಅದಕ್ಕಿಂತ ಎಷ್ಟೋ ತೆಳು. ಅಂಚು ತೆಳುವಾದಷ್ಟೂ ಒತ್ತಡವೆಲ್ಲ ಒಂದು ಸಣ್ಣ ಗೆರೆಯ ಮೇಲೆ ಬೀಳುತ್ತದೆ. ಹೊಸ ನೋಟಿನ ಅಂಚು ಬೆರಳು ಕೊಯ್ಯುವುದೂ ಹೀಗೆಯೇ. ಗೀರಿಸಿಕೊಳ್ಳುವ ಚರ್ಮವೂ ಎಳೆಯದು, ಅದರ ಹೊರಪದರ ದೊಡ್ಡವರದಕ್ಕಿಂತ ತೆಳು. ಇದೆಲ್ಲದರ ಮೇಲೆ ಕೈ ಇನ್ನೂ ಮಗುವಿನ ಮಾತು ಕೇಳುವುದಿಲ್ಲ. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿ ಎರಡೂ ತೋಳು ಅಗಲಿಸಿ ಮತ್ತೆ ಎದೆಗೆ ಸೆಳೆದುಕೊಳ್ಳುವುದು ಹುಟ್ಟಿನಿಂದ ಬಂದ ಪ್ರತಿವರ್ತನೆ. ನಾಲ್ಕರಿಂದ ಆರು ತಿಂಗಳಲ್ಲಿ ಅದು ಅಳಿಯುತ್ತದೆ. ಅಲ್ಲಿಯವರೆಗೆ ಮುಖಕ್ಕೆ ಗೀರು ತಪ್ಪಿದ್ದಲ್ಲ. ಪುಣ್ಯಕ್ಕೆ ಹೆಚ್ಚಿನ ಗೀರುಗಳು ಕೆಲವೇ ದಿನಗಳಲ್ಲಿ ಮಾಯುತ್ತವೆ.

ಇದಕ್ಕೆ ಸುಲಭದ ಉಪಾಯವೆಂದು ಕೈಗವಸು ತೊಡಿಸಿಬಿಡುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸದು. ಕೂಸು ಜಗತ್ತನ್ನು ಅರಿಯುವುದು ಬಾಯಿಯಿಂದ ಮತ್ತು ಕೈಯಿಂದ. ಹಸಿವಾದರೆ ಅಳುವುದಕ್ಕೆ ಮೊದಲೇ ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಕೈಯನ್ನು ದಿನವಿಡೀ ಬಟ್ಟೆಯಲ್ಲಿ ಮುಚ್ಚಿಟ್ಟರೆ ಎರಡಕ್ಕೂ ಅಡ್ಡಿ. ಇದಕ್ಕಿಂತ ದೊಡ್ಡ ತೊಂದರೆ ಕೈಗವಸಿನ ಒಳಗಿನ ಹೊಲಿಗೆಯದು. ಬಿಟ್ಟುಕೊಂಡ ನೂಲೆಳೆ, ಇಲ್ಲವೇ ಅಮ್ಮನ ಉದುರಿದ ತಲೆಗೂದಲು ಬೆರಳಿಗೆ ಸುತ್ತಿಕೊಂಡು ಬಿಗಿದರೆ ರಕ್ತ ಸಂಚಾರವೇ ನಿಲ್ಲಬಹುದು. ಹೊರಗಿನಿಂದ ಏನೂ ಕಾಣದು, ಮಗು ಮಾತ್ರ ಅಳುತ್ತಲೇ ಇರುತ್ತದೆ. ತೊಡಿಸಲೇಬೇಕೆಂದಿದ್ದರೆ ಒಳಮಗ್ಗುಲನ್ನು ಹೊರಗೆ ಮಾಡಿ ನೋಡಿ, ನೂಲು ಕತ್ತರಿಸಿ, ಆಮೇಲೆ ತೊಡಿಸಿ. ಆಗಾಗ ಬಿಚ್ಚಿ ಬೆರಳುಗಳನ್ನು ನೋಡುತ್ತಿರಿ.

ಹಾಗಾಗಿ ಉಗುರು ತೆಗೆಯುವುದೇ ಸರಿಯಾದ ದಾರಿ. ಅದಕ್ಕೆ ಹೊತ್ತು ಯಾವುದು? ನಮ್ಮ ಬಾಣಂತನದ ದಿನಚರಿಯಲ್ಲೇ ಅದು ಅಡಗಿದೆ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಹಾಲು ಕುಡಿಸಿ ತೊಟ್ಟಿಲಿಗೆ ಹಾಕಿದರೆ ಕೂಸು ಗಂಟೆಗಟ್ಟಲೆ ಮಲಗುತ್ತದೆ. ಸ್ನಾನದಿಂದ ಇನ್ನೊಂದು ಅನುಕೂಲ: ಉಗುರು ಕೆರಾಟಿನ್ ಎಂಬ ಪ್ರೋಟೀನಿನದು, ನೀರು ಹೀರಿದಾಗ ಮೆತ್ತಗಾಗುತ್ತದೆ, ಕತ್ತರಿಸುವಾಗ ಸೀಳುವುದಿಲ್ಲ. ಆದರೆ ಮಲಗಿದ ತಕ್ಷಣ ಕೈ ಹಾಕಬೇಡಿ. ಎಳೆಗೂಸಿನ ನಿದ್ದೆ ಶುರುವಾಗುವುದು ಚಂಚಲ ಹಂತದಿಂದ. ರೆಪ್ಪೆ ಅದುರುತ್ತದೆ, ಬೆರಳು ಮಿಸುಕುತ್ತದೆ, ತುಟಿ ನಗುತ್ತದೆ. ದೇವರು ನಗಿಸುತ್ತಿದ್ದಾನೆ ಎನ್ನುತ್ತಾರಲ್ಲ, ಆ ಹೊತ್ತು. ಸುಮಾರು ಇಪ್ಪತ್ತು ನಿಮಿಷ ಕಳೆದರೆ ಗಾಢ ನಿದ್ದೆ. ತೋಳನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ಸಡಿಲವಾಗಿ ಬಿದ್ದರೆ ಕೆಲಸ ಆರಂಭಿಸಬಹುದು.

ಬೆಳಕೂ ಬೇಕು. ಬಾಣಂತಿ ಕೋಣೆಗೆ ಪರದೆ ಎಳೆದು ಮಬ್ಬು ಮಾಡುವ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ಉಗುರು ತೆಗೆಯುವಷ್ಟು ಹೊತ್ತಾದರೂ ಕಿಟಕಿ ತೆರೆಯಿರಿ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎನ್ನುವ ಅಜ್ಜಿಯ ಮಾತನ್ನು ನಾನಂತೂ ಮಗುವಿನ ವಿಷಯದಲ್ಲಿ ಕಣ್ಣುಮುಚ್ಚಿ ಒಪ್ಪುತ್ತೇನೆ. ಮಂಗಳವಾರ, ಶುಕ್ರವಾರದ ಲೆಕ್ಕ ನಿಮ್ಮ ಇಷ್ಟ.

ಗಾಯವಾಗುವುದು ಎಲ್ಲಿ ಎಂದು ತಿಳಿದರೆ ತಪ್ಪಿಸುವುದು ಸುಲಭ. ಉಗುರಿನ ಮುಂಭಾಗದ ಅಡಿಯಲ್ಲಿ, ತುದಿಯ ಚರ್ಮ ಉಗುರಿಗೆ ಅಂಟಿಕೊಂಡ ಒಂದು ಸಣ್ಣ ಅಂಚಿದೆ. ನೀರು, ಕೊಳೆ, ರೋಗಾಣು ಒಳನುಗ್ಗದಂತೆ ತಡೆಯುವುದು ಅದರ ಕೆಲಸ. ಎಳೆಗೂಸಿನಲ್ಲಿ ಇದು ಉಗುರಿನ ತುದಿಗೆ ತೀರಾ ಹತ್ತಿರ. ನೇಲ್ ಕಟರ್ ಬಾಯಿ ತೆರೆದು ಉಗುರನ್ನು ಹಿಡಿದಾಗ ಈ ಚರ್ಮವೂ ಜೊತೆಗೆ ಸಿಕ್ಕಿಬಿಡುತ್ತದೆ. ಆದ್ದರಿಂದ ಇಲ್ಲಿ ಕತ್ತರಿ ಹಿಡಿದ ಬಲಗೈಗಿಂತ ಬೆರಳು ಹಿಡಿದ ಎಡಗೈಯೇ ಮುಖ್ಯ.

ಮಗುವಿನ ಅಂಗೈಯೊಳಗೆ ನಿಮ್ಮ ಬೆರಳು ತೂರಿಸಬೇಡಿ. ಅಂಗೈ ಮುಟ್ಟಿದರೆ ಮುಷ್ಟಿ ಬಿಗಿಯುವುದು ಇನ್ನೊಂದು ಪ್ರತಿವರ್ತನೆ. ಅದರ ಬದಲು ಅಂಗೈಯ ಹಿಂಬದಿಯನ್ನು ಮೃದುವಾಗಿ ಸವರಿದರೆ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಒಂದೇ ಬೆರಳನ್ನು ನಿಮ್ಮ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಅದರ ತುದಿಯ ಮಾಂಸವನ್ನು ಕೆಳಕ್ಕೆ, ಉಗುರಿನಿಂದ ದೂರಕ್ಕೆ ಒತ್ತಿ. ಈಗ ಉಗುರು ಒಂಟಿಯಾಗಿ ಮೇಲೆ ಕಾಣುತ್ತದೆ. ತುದಿಯ ಬಿಳಿ ಪಟ್ಟಿಯಲ್ಲಿ ಸ್ವಲ್ಪ ಉಳಿಸಿ, ಬೆರಳಿನ ದುಂಡಿಗೆ ಹೊಂದುವಂತೆ ಸಣ್ಣ ಸಣ್ಣದಾಗಿ ಕತ್ತರಿಸಿ. ಮಕ್ಕಳ ಪುಟ್ಟ ನೇಲ್ ಕಟರ್, ಇಲ್ಲವೇ ತುದಿ ಮೊಂಡಾದ ಕತ್ತರಿ ಆದೀತು. ಮೊದಲ ಕೆಲವು ವಾರ ಮೆತ್ತನೆಯ ನೇಲ್ ಫೈಲಿನಿಂದ ಉಜ್ಜಿದರೂ ಸಾಕು, ಆದರೆ ಉಜ್ಜಲು ಉಗುರು ಒಣಗಿರಬೇಕು. ಹತ್ತೂ ಬೆರಳು ಒಂದೇ ಸಲಕ್ಕೆ ಮುಗಿಯಬೇಕೆಂಬ ಹಟ ಬೇಡ.

ಹಲ್ಲಿನಿಂದ ಕಚ್ಚಿ ತೆಗೆಯುವ ಅಮ್ಮಂದಿರು ಬಹಳ ಮಂದಿ. ಕತ್ತರಿಯ ಭಯಕ್ಕೆ ಹಾಗೆ ಮಾಡುತ್ತಾರೆ, ಆದರೆ ಅಪಾಯ ಅದರಲ್ಲೇ ಹೆಚ್ಚು. ಎಲ್ಲಿ ಕಚ್ಚುತ್ತಿದ್ದೇವೆಂದು ಕಣ್ಣಿಗೆ ಕಾಣುವುದಿಲ್ಲ. ಉಗುರು ಹರಿದು ಅಂಚು ಗರಗಸವಾಗುತ್ತದೆ. ನಮ್ಮ ಬಾಯಿಯ ಬ್ಯಾಕ್ಟೀರಿಯಾ ನೇರ ಗಾಯಕ್ಕೆ ಇಳಿಯುತ್ತದೆ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದವರಂತೂ ಹತ್ತಿರ ಸುಳಿಯಬಾರದು. ನವಜಾತ ಶಿಶುವಿಗೆ ಆ ವೈರಸ್ ಪ್ರಾಣಾಂತಿಕವಾಗಬಲ್ಲದು.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಚರ್ಮ ಕೊಯ್ದು ಒಂದು ಹನಿ ರಕ್ತ ಬರುತ್ತದೆ. ತಣ್ಣೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ನಡುನಡುವೆ ತೆರೆದು ನೋಡಬೇಡಿ. ಬ್ಯಾಂಡೇಜ್ ಅಂಟಿಸಬೇಡಿ. ಆ ಬೆರಳು ಬಾಯಿಗೆ ಹೋಗುತ್ತದೆ, ಪಟ್ಟಿ ಕಳಚಿ ಗಂಟಲಿಗೆ ಸಿಕ್ಕಬಹುದು. ಅರಿಶಿನವೂ ಬೇಡ.

ಗೀರು ಕಣ್ಣಿಗೆ ಬಿದ್ದರೆ ಮಾತ್ರ ಲೆಕ್ಕ ಬೇರೆ. ಕಣ್ಣು ಕೆಂಪಾಗಿ, ನೀರು ಸುರಿದು, ಮಗು ಕಣ್ಣು ಬಿಡದೆ ಅಳುತ್ತಿದ್ದರೆ ಕಾರ್ನಿಯಾದ ಮೇಲೆ ಗಾಯವಾಗಿರಬಹುದು. ವೈದ್ಯರು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಗೀರು ಹಸಿರಾಗಿ ಹೊಳೆಯುತ್ತದೆ. ಸಣ್ಣದಾದರೆ ಒಂದೆರಡು ದಿನದಲ್ಲಿ ಗುಣ. ಅಷ್ಟರೊಳಗೆ ಮನೆಯಲ್ಲಿ ಕಣ್ಣಿಗೆ ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು ಮಾಡಬಾರದು.

ಎಷ್ಟು ದಿನಕ್ಕೊಮ್ಮೆ? ಅಮೆರಿಕದ ವೈದ್ಯ ವಿಲಿಯಂ ಬೀನ್ 35 ವರ್ಷ ತಮ್ಮ ಹೆಬ್ಬೆರಳ ಉಗುರನ್ನೇ ಅಳೆದು 1980ರಲ್ಲಿ ಲೆಕ್ಕ ಪ್ರಕಟಿಸಿದರು: 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್, 67ನೇ ವಯಸ್ಸಿನಲ್ಲಿ 0.095. ಇಂಥ ತಾಳ್ಮೆಗೆ ಏನೆನ್ನುವುದು! ಕೂಸಿನ ಉಗುರೂ ದಿನಕ್ಕೆ ಸುಮಾರು 0.1 ಮಿಲಿಮೀಟರ್ ಬೆಳೆಯುತ್ತದೆ. ವಾರಕ್ಕೆ ಸುಮಾರು 0.7 ಮಿಲಿಮೀಟರ್ ಆ ಪುಟ್ಟ ಬೆರಳಿಗೆ ಬಹಳವೇ ಆಯಿತು. ಹಾಗಾಗಿ ಕೈಗೆ ವಾರಕ್ಕೊಮ್ಮೆಯಾದರೂ, ಕಾಲಿಗೆ ತಿಂಗಳಿಗೆ ಒಂದೆರಡು ಸಲ. ಕಾಲುಗುರನ್ನು ದುಂಡಗೆ ಮಾಡದೆ ನೇರ ಕತ್ತರಿಸಿ, ಮೂಲೆ ಮಾಂಸಕ್ಕೆ ಹೂತುಕೊಳ್ಳಬಾರದು.

ಎರಡು ತಿಂಗಳ ಸುಮಾರಿಗೆ ಕೆಲವು ಮಕ್ಕಳ ಕೈಯುಗುರಿನ ಮೇಲೆ ಅಡ್ಡಲಾಗಿ ಒಂದು ತಗ್ಗುಗೆರೆ ಕಾಣುತ್ತದೆ. ಫ್ರಾನ್ಸಿನ ವೈದ್ಯ ಜೋಸೆಫ್ ಬೋ 1846ರಲ್ಲಿ ವಿವರಿಸಿದ ಗೆರೆ ಇದು. ದೇಹಕ್ಕೆ ದೊಡ್ಡ ಒತ್ತಡ ಬಿದ್ದಾಗ ಉಗುರಿನ ಬುಡ ಸ್ವಲ್ಪ ಕಾಲ ಬೆಳವಣಿಗೆ ನಿಧಾನಿಸುತ್ತದೆ, ಆ ಗುರುತು ತಗ್ಗಾಗಿ ಉಳಿಯುತ್ತದೆ. ಕೂಸಿನಲ್ಲಿ ಆ ಒತ್ತಡ ಹುಟ್ಟಿನದೇ ಇರಬೇಕೆಂದು ವೈದ್ಯರ ಊಹೆ. ಉಗುರು ಬೆಳೆದಂತೆ ಅದು ಮುಂದೆ ಸಾಗಿ ಕತ್ತರಿಗೆ ಸಿಕ್ಕಿ ಹೋಗುತ್ತದೆ, ಕ್ಯಾಲ್ಸಿಯಂ ಟಾನಿಕ್ ಬೇಕಿಲ್ಲ. ಕಾಲುಗುರು ಚಮಚದಂತೆ ನಡುವೆ ತಗ್ಗಾಗಿದ್ದರೂ ಎಳೆಯ ಮಕ್ಕಳಲ್ಲಿ ಸಾಮಾನ್ಯವೇ. ಉಗುರಿನ ಬದಿ ಕೆಂಪೇರಿ, ಊದಿ, ಕೀವು ಕಂಡರೆ ಮಾತ್ರ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.