ಬುದ್ಧಿಹಲ್ಲು ಮತ್ತು ಸೇನಾ ವಿಮಾನಚಾಲಕರು: ತಪ್ಪು ಕಲ್ಪನೆ ಮತ್ತು ಸತ್ಯ

ಬಾಯಿಯ ನಾಲ್ಕು ಮೂಲೆಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಹುಟ್ಟುವ ಮೂರನೆಯ ದವಡೆಹಲ್ಲುಗಳಿಗೆ ಬುದ್ಧಿಹಲ್ಲು ಎಂಬ ಹೆಸರು ರೂಢಿಯಲ್ಲಿದೆ. ಇವು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನ ನಡುವೆ ಹೊರಬರುತ್ತವೆ. ಸೇನೆಯ ಹಾರಾಟ ತರಬೇತಿಗೆ ಯುವಕ ಯುವತಿಯರು ಆಯ್ಕೆಯಾಗುವುದೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ. ಹೀಗೆ ಹಲ್ಲು ತೊಂದರೆ ಕೊಡುವ ಕಾಲವೂ ವೈದ್ಯಕೀಯ ತಪಾಸಣೆಯ ಕಾಲವೂ ಒಂದಾಗಿರುವುದರಿಂದ, ವಿಮಾನಚಾಲಕರಾಗಬೇಕಾದವರು ಬುದ್ಧಿಹಲ್ಲುಗಳನ್ನು ಮೊದಲೇ ಕೀಳಿಸಿಕೊಂಡಿರಲೇಬೇಕೆಂಬ ನಂಬಿಕೆ ಸುಲಭವಾಗಿ ಬೇರೂರುತ್ತದೆ.

ತಪ್ಪು ಕಲ್ಪನೆ 1: ಬುದ್ಧಿಹಲ್ಲು ಇದ್ದರೆ ವೈದ್ಯಕೀಯ ತಪಾಸಣೆಯಲ್ಲಿ ಅನರ್ಹರಾಗುತ್ತಾರೆ.

ಸತ್ಯ: ಭಾರತೀಯ ಸಶಸ್ತ್ರ ಪಡೆಗಳ ನಿಯಮ ಇದಕ್ಕೆ ವಿರುದ್ಧವಾಗಿದೆ. ಅಭ್ಯರ್ಥಿಯ ಹಲ್ಲುಗಳನ್ನು ಅಂಕಗಳ ಲೆಕ್ಕದಲ್ಲಿ ಅಳೆಯಲಾಗುತ್ತದೆ: ಮೇಲಿನ ಮತ್ತು ಕೆಳಗಿನ ದವಡೆಗಳಲ್ಲಿ ಎದುರುಬದುರಾಗಿ ಸರಿಯಾಗಿ ಕೂಡಿ ಕೆಲಸ ಮಾಡುವ ಬಾಚಿಹಲ್ಲು, ಕೋರೆಹಲ್ಲು ಮತ್ತು ಮುಂದವಡೆಹಲ್ಲುಗಳ ಪ್ರತಿ ಜೋಡಿಗೆ 1 ಅಂಕ, ಮೊದಲೆರಡು ದವಡೆಹಲ್ಲುಗಳ ಪ್ರತಿ ಜೋಡಿಗೆ 2 ಅಂಕ, ಬುದ್ಧಿಹಲ್ಲುಗಳ ಜೋಡಿ ಪೂರ್ಣವಾಗಿ ಬೆಳೆದಿದ್ದರೆ ಅದಕ್ಕೂ 2, ಇಲ್ಲವಾದರೆ 1 ಅಂಕ. ಮೂವತ್ತೆರಡೂ ಹಲ್ಲುಗಳಿದ್ದವರಿಗೆ ಒಟ್ಟು 22 ಅಥವಾ 20 ಅಂಕಗಳಾಗುತ್ತವೆ. ಅರ್ಹತೆಗೆ ಬೇಕಾದುದು 14. ಬುದ್ಧಿಹಲ್ಲುಗಳೇ ಇಲ್ಲದವರಿಗೂ ಉಳಿದ ಹಲ್ಲುಗಳು ಸರಿಯಿದ್ದರೆ 18 ಅಂಕ ಸಿಗುವುದರಿಂದ ಅವರಿಗೆ ಅಡ್ಡಿಯಿಲ್ಲ. ಆದರೆ ಹುಳುಕಿನಿಂದಲೋ ಅಪಘಾತದಿಂದಲೋ ಬೇರೆ ಹಲ್ಲುಗಳನ್ನು ಈಗಾಗಲೇ ಕಳೆದುಕೊಂಡವರು ಆರೋಗ್ಯವಾಗಿರುವ ಬುದ್ಧಿಹಲ್ಲನ್ನೂ ಕೀಳಿಸಿದರೆ, ತಮಗೆ ನೆರವಾಗಬಹುದಾಗಿದ್ದ ಅಂಕವನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ತಪ್ಪು ಕಲ್ಪನೆ 2: ಎತ್ತರಕ್ಕೆ ಏರಿದಾಗ ಮೂಳೆಯೊಳಗೆ ಹುದುಗಿರುವ ಬುದ್ಧಿಹಲ್ಲು ಒತ್ತಡದ ಬದಲಾವಣೆಯಿಂದ ಸಿಡಿಯುವಂತೆ ನೋಯುತ್ತದೆ.

ಸತ್ಯ: ಹಾರಾಟದಲ್ಲಿ ಹಲ್ಲುನೋವು ಬರುವುದು ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲೇ ವಾಯುಪಡೆಗಳ ವೈದ್ಯರು ಇದನ್ನು ಗುರುತಿಸಿದ್ದರು. ವಾಯುಒತ್ತಡದ ಏರಿಳಿತದಿಂದ ಹುಟ್ಟುವ ಈ ನೋವನ್ನು ಇಂದು ಬ್ಯಾರೋಡಾಂಟಾಲ್ಜಿಯಾ ಎಂದು ಕರೆಯುತ್ತಾರೆ. ಸುಮಾರು 18,000 ಅಡಿ ಎತ್ತರದಲ್ಲಿ ವಾಯುಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಇಳಿಯುತ್ತದೆ, ಮತ್ತು ಉಷ್ಣತೆ ಬದಲಾಗದಿದ್ದರೆ ಒತ್ತಡ ಅರ್ಧವಾದಾಗ ಅನಿಲದ ಗಾತ್ರ ಇಮ್ಮಡಿಯಾಗುತ್ತದೆ ಎಂಬುದು ಬಾಯ್ಲ್‌ನ ನಿಯಮ. ಆದರೆ ಹಿಗ್ಗುವುದಕ್ಕೆ ಅಲ್ಲಿ ಅನಿಲವಿರಬೇಕಷ್ಟೆ. ಪೂರ್ತಿಯಾಗಿ ಮೂಳೆಯಲ್ಲಿ ಮುಚ್ಚಿಕೊಂಡಿರುವ ಆರೋಗ್ಯವಂತ ಹಲ್ಲಿನ ಸುತ್ತ ಇರುವುದು ಮೂಳೆ ಮತ್ತು ಅಂಗಾಂಶ ಮಾತ್ರ. ಹಿಗ್ಗಬಲ್ಲ ಗಾಳಿಯ ಜಾಗ ಅಲ್ಲಿಲ್ಲ. ನೋವಿನ ನಿಜವಾದ ಮೂಲಗಳು ಬೇರೆ: ಆಳವಾದ ಹುಳುಕು, ಬಿರುಕುಬಿಟ್ಟ ಅಥವಾ ಸಡಿಲವಾದ ಫಿಲ್ಲಿಂಗ್, ಹಲ್ಲಿನೊಳಗಿನ ನರ ಮತ್ತು ರಕ್ತನಾಳಗಳ ತಿರುಳಿನ ಉರಿಯೂತ, ಬೇರಿನ ತುದಿಯ ಸೋಂಕು. ಕೆಲವೊಮ್ಮೆ ನೋವು ಹಲ್ಲಿನದೇ ಆಗಿರುವುದಿಲ್ಲ. ಮೇಲ್ದವಡೆಯ ಹಿಂಭಾಗದ ಹಲ್ಲುಗಳ ಬೇರುಗಳು ಸೈನಸ್ ಎಂಬ ಗಾಳಿಗೂಡಿನ ತಳಕ್ಕೆ ತೀರ ಹತ್ತಿರವಿರುವುದರಿಂದ, ಶೀತವಾಗಿ ಸೈನಸ್ ಕಟ್ಟಿಕೊಂಡವರಿಗೆ ವಿಮಾನ ಕೆಳಗಿಳಿಯುವಾಗ ಹಲ್ಲೇ ನೋಯುತ್ತಿರುವಂತೆ ಭಾಸವಾಗುತ್ತದೆ.

ತಪ್ಪು ಕಲ್ಪನೆ 3: ಇಂದಲ್ಲ ನಾಳೆ ತೊಂದರೆ ಕೊಡುವ ಹಲ್ಲನ್ನು ಮೊದಲೇ ತೆಗೆಸುವುದರಲ್ಲಿ ನಷ್ಟವಿಲ್ಲ.

ಸತ್ಯ: ಬುದ್ಧಿಹಲ್ಲನ್ನು ತೆಗೆಯುವುದೂ ಒಂದು ಶಸ್ತ್ರಚಿಕಿತ್ಸೆ. ಕೆಳದವಡೆಯಲ್ಲಿ ಈ ಹಲ್ಲಿನ ಬೇರಿನ ಸಮೀಪದಲ್ಲೇ ಹಾದುಹೋಗುವ ನರಕ್ಕೆ ಪೆಟ್ಟಾದರೆ ತುಟಿ ಮತ್ತು ಗದ್ದ ಜೋಮು ಹಿಡಿಯಬಹುದು. ಮೇಲ್ದವಡೆಯಲ್ಲಿ ಬಾಯಿಗೂ ಸೈನಸ್‌ಗೂ ನಡುವೆ ರಂಧ್ರ ಉಂಟಾಗಬಹುದು. ಗಾಯದ ಮೇಲೆ ಕಟ್ಟಿದ ರಕ್ತದ ಹೆಪ್ಪು ಬೇಗನೆ ಕಳಚಿಬಿದ್ದರೆ ಮೂಳೆ ತೆರೆದುಕೊಂಡು ಹಲವು ದಿನ ತೀವ್ರ ನೋವು ಬಾಧಿಸಬಹುದು. ಆದ್ದರಿಂದಲೇ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು, ರೋಗವಿಲ್ಲದ ಹುದುಗಿದ ಬುದ್ಧಿಹಲ್ಲನ್ನು ಕೇವಲ ಮುನ್ನೆಚ್ಚರಿಕೆಗಾಗಿ ತೆಗೆಯಬಾರದೆಂದು 2000ರಲ್ಲಿ ಸೂಚಿಸಿತು.

ತಪ್ಪು ಕಲ್ಪನೆ 4: ಹಾಗಾದರೆ ಸೇನಾ ವಿಮಾನಚಾಲಕರು ಬುದ್ಧಿಹಲ್ಲಿನ ಬಗ್ಗೆ ಚಿಂತಿಸಬೇಕಾಗಿಯೇ ಇಲ್ಲ.

ಸತ್ಯ: ಇದೂ ಅಷ್ಟೇ ಅಪಾಯಕಾರಿ. ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡಿನ ಪದರ ಉಳಿದುಕೊಂಡರೆ ಅದರಡಿ ಆಹಾರದ ಚೂರುಗಳು ಸೇರಿ, ಪದೇ ಪದೇ ಊತ ಮತ್ತು ಕೀವು ಉಂಟಾಗಿ, ಬಾಯಿ ತೆರೆಯುವುದೇ ಕಷ್ಟವಾಗಬಹುದು. ಓರೆಯಾಗಿ ಬೆಳೆದ ಹಲ್ಲು ಪಕ್ಕದ ದವಡೆಹಲ್ಲನ್ನು ಹುಳುಕಾಗಿಸಬಹುದು. ಊದಿದ ದವಡೆಯ ಮೇಲೆ ಆಮ್ಲಜನಕದ ಮಾಸ್ಕನ್ನು ಬಿಗಿಯಾಗಿ ಕಟ್ಟಿಕೊಂಡು, ಗಮನ ಒಂದಿಷ್ಟೂ ಚದುರದಂತೆ ವಿಮಾನ ನಡೆಸುವುದು ಸಾಧ್ಯವಿಲ್ಲ. ಅಮೆರಿಕದ ಸೇನೆಯಲ್ಲಿ ಪ್ರತಿಯೊಬ್ಬರ ಹಲ್ಲಿನ ಸ್ಥಿತಿಯನ್ನು ನಾಲ್ಕು ದರ್ಜೆಗಳಲ್ಲಿ ದಾಖಲಿಸಲಾಗುತ್ತದೆ. ಮುಂದಿನ 12 ತಿಂಗಳೊಳಗೆ ತುರ್ತು ಚಿಕಿತ್ಸೆ ಬೇಕಾಗುವ ಸಂಭವವಿದ್ದವರು ಮೂರನೆಯ ದರ್ಜೆಗೆ ಸೇರುತ್ತಾರೆ. ದಂತವೈದ್ಯರಿಂದ ದೂರವಾದ ನೆಲೆಗಳಲ್ಲಿ ಕೆಲಸ ಮಾಡಬೇಕಾದವರ ವಿಷಯದಲ್ಲಿ ಸೇನಾ ವೈದ್ಯರು ನಾಗರಿಕ ವೈದ್ಯರಿಗಿಂತ ಬೇಗನೆ ಹಲ್ಲು ತೆಗೆಸಲು ಸಲಹೆ ನೀಡುವುದಕ್ಕೂ ಇದೇ ಕಾರಣ. ಆದರೆ ಅದು ಪರೀಕ್ಷೆಯ ಬಳಿಕ ಆಯಾ ಹಲ್ಲಿನ ಬಗ್ಗೆ ಕೈಗೊಳ್ಳುವ ತೀರ್ಮಾನವೇ ಹೊರತು ಎಲ್ಲರಿಗೂ ಅನ್ವಯಿಸುವ ಪ್ರವೇಶ ನಿಯಮವಲ್ಲ.

ಅಭ್ಯರ್ಥಿಗಳಿಗೆ ಇದರಿಂದ ದೊರೆಯುವ ಮಾರ್ಗದರ್ಶನ ಸ್ಪಷ್ಟವಾಗಿದೆ. ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಗೋ, 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವೈಮಾನಿಕ ವೈದ್ಯಕೀಯ ಸಂಸ್ಥೆಯ ತಪಾಸಣೆಗೋ ಹೋಗುವ ಹಲವು ತಿಂಗಳ ಮೊದಲೇ, ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಎಕ್ಸ್‌ರೇ ತೆಗೆಸಿ ದಂತವೈದ್ಯರಿಗೆ ತೋರಿಸಬೇಕು. ಕೀಳಲೇಬೇಕಾದ ಹಲ್ಲಿದ್ದರೆ ಗಾಯ ಪೂರ್ತಿ ಮಾಯಲು ಆಗ ಸಮಯ ಸಿಗುತ್ತದೆ. ತರಬೇತಿಯ ನಡುವೆ ಕೀಳಿಸಿದರೆ ವೈಮಾನಿಕ ವೈದ್ಯರು ಅನುಮತಿ ಕೊಡುವವರೆಗೆ ಹಾರಾಟ ನಿಲ್ಲಿಸಬೇಕಾಗುತ್ತದೆ. ಹಲ್ಲು ಆರೋಗ್ಯವಾಗಿದ್ದರೆ, ಬರಿಯ ವದಂತಿಗೆ ಹೆದರಿ ಅದನ್ನು ಕಳೆದುಕೊಳ್ಳುವ ಅಗತ್ಯವಿಲ್ಲ.